ಬೆಂಕಿಗೆ ಹೆದರಿದ ಮನೆ

ಒಂದೇ ಒಂದು ಮನೆಯ ಕಾವಲಿಗೆಂದು ಕಟ್ಟಿದ ಫೈರ್ ಸ್ಟೇಷನ್ ಅನ್ನು ನಾನು ನೋಡಿದ್ದು ಶಿಮ್ಲಾದಲ್ಲಿ. ಈಗ ಅಲ್ಲಿ ಗಂಟೆ ಬಾರಿಸುವವರಿಲ್ಲ, ನೀರಿನ ಗಾಡಿಯಿಲ್ಲ. ಬದಲಿಗೆ ಚಹಾ ಸಿಗುತ್ತದೆ. ಟಿಕೆಟ್ ತೆಗೆದುಕೊಂಡು ಸರದಿಗಾಗಿ ಕಾಯುವವರು ಗಾಜಿನ ಲೋಟ ಹಿಡಿದು ಅಲ್ಲೇ ಅಡ್ಡಾಡುತ್ತಾರೆ. ನಾವೂ ಅಡ್ಡಾಡಿದೆವು. ನಾವು ಅಂದರೆ ನಾನು ಮತ್ತು ನನ್ನ ಸೋದರಮಾವ. ಮಾವ ಮೈಸೂರಿನವರು, ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಟ್ಟಡಗಳ ಬಿರುಕು ನೋಡಿಕೊಂಡೇ ನಿವೃತ್ತರಾದವರು. ಯಾವ ಊರಿಗೆ ಕರೆದುಕೊಂಡು ಹೋದರೂ ಮೊದಲು ಅವರ ಕಣ್ಣು ಹೋಗುವುದು ಛಾವಣಿಯ ನೀರು ಎಲ್ಲಿ ಇಳಿಯುತ್ತದೆ ಎಂಬ ಕಡೆಗೆ.

"ಒಬ್ಬ ಮನುಷ್ಯ ವಾಸ ಮಾಡೋಕೆ ಒಂದು ಫೈರ್ ಸ್ಟೇಷನ್! ಅಷ್ಟು ಪುಕ್ಕಲನೇನಯ್ಯಾ ಆ ವೈಸರಾಯ್?" ಅಂದರು.

ಪುಕ್ಕಲುತನವಲ್ಲ ಅದು, ಲೆಕ್ಕಾಚಾರ. ಎದುರಿಗೆ ಹುಲ್ಲುಹಾಸಿನ ಆಚೆ ನಿಂತಿದ್ದ ಆ ಬೂದುಗಲ್ಲಿನ ಮನೆಯ ಹೊಟ್ಟೆ ತುಂಬ ಇರುವುದು ಮರ. ತೇಗ, ದೇವದಾರು, ಅಕ್ರೋಟು. ಗುಡ್ಡದ ನೆತ್ತಿಯ ಮೇಲಿನ ಮನೆ. ಗಾಳಿ ನಾಲ್ಕೂ ಕಡೆಯಿಂದ. ಚಳಿಗೆ ಕೋಣೆ ಕೋಣೆಯಲ್ಲೂ ಅಗ್ಗಿಷ್ಟಿಕೆ. ಒಂದು ಕಿಡಿ ಹಾರಿದರೆ ಕೆಳಗಿನಿಂದ ನೀರು ಹೊತ್ತು ತರುವಷ್ಟರಲ್ಲಿ ಬೂದಿಯಷ್ಟೇ ಉಳಿಯುತ್ತಿತ್ತು.

ಬ್ರಿಟಿಷರ ಕಾಲದಲ್ಲಿ ಇದರ ಹೆಸರು ವೈಸ್‌ರೀಗಲ್ ಲಾಡ್ಜ್. ಸ್ವಾತಂತ್ರ್ಯ ಬಂದ ಮೇಲೆ ರಾಷ್ಟ್ರಪತಿ ನಿವಾಸ. 1965ರಿಂದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ. ಶಿಮ್ಲಾದ ಟ್ಯಾಕ್ಸಿಯವರ ಬಾಯಲ್ಲಿ ಮಾತ್ರ ಇವತ್ತಿಗೂ 'ಅಡ್ವಾನ್ಸ್ಡ್ ಸ್ಟಡಿ', ಅಷ್ಟೇ. ಮಾಲ್ ರಸ್ತೆಯಿಂದ ಪಶ್ಚಿಮಕ್ಕೆ ನಾಲ್ಕು ಕಿಲೋಮೀಟರು ನಡೆದರೆ ಬಾಲೂಗಂಜ್ ಎಂಬ ಪುಟ್ಟ ಪೇಟೆ, ಅದರ ಮೇಲೆ ಅಬ್ಸರ್ವೇಟರಿ ಹಿಲ್. ಎರಡೂ ಹೆಸರಿಗೆ ಒಬ್ಬನೇ ಕಾರಣ: ಕ್ಯಾಪ್ಟನ್ ಬಾಲೂ ಎಂಬ ಸೇನಾ ಎಂಜಿನಿಯರ್. 1840ರ ದಶಕದಲ್ಲಿ ಈ ಗುಡ್ಡದ ಮೇಲೆ ವೀಕ್ಷಣಾಲಯ ನಡೆಸಿದವನು ಅವನು. ಅವನ ಫ್ರೆಂಚ್ ಮೂಲದ ಹೆಸರನ್ನು ಪಹಾಡಿ ನಾಲಿಗೆ ತನಗೆ ಬೇಕಾದ ಹಾಗೆ ತಿದ್ದಿಕೊಂಡಿದೆ. ಈ ಗುಡ್ಡದ ಒಂದು ಮಗ್ಗುಲಿಗೆ ಬಿದ್ದ ಮಳೆ ಸಟ್ಲೆಜ್ ಸೇರಿ ಅರಬ್ಬಿ ಸಮುದ್ರದ ಕಡೆಗೂ, ಇನ್ನೊಂದು ಮಗ್ಗುಲಿನದು ಯಮುನೆ ಸೇರಿ ಬಂಗಾಳ ಕೊಲ್ಲಿಗೂ ಹೋಗುತ್ತದೆಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಹೀಗೇ ಮಳೆನೀರು ಎರಡು ಕಡಲಿಗೆ ಹಂಚಿಹೋಗುವ ನಮ್ಮ ಸಕಲೇಶಪುರದ ಬಿಸಲೆಯ ರಿಡ್ಜ್ ನೆನಪಾಯಿತು.

ಮೈಸೂರಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗಲು ನನಗೆ ಬೇರೆಯದೇ ಕಾರಣವಿತ್ತು. ಈ ಮನೆ ಕಟ್ಟಿಸಿದ ಎಂಜಿನಿಯರ್ ಹೆನ್ರಿ ಇರ್ವಿನ್. ಮೈಸೂರಿನ ಅಂಬಾವಿಲಾಸ ಅರಮನೆಯ ನಕ್ಷೆ ಬರೆದವನೂ ಅವನೇ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟು ಹೋಯಿತು. ಆಗ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ಇರ್ವಿನ್‌ಗೆ ಒಪ್ಪಿಸಿದರು. ಬೆಂಕಿಯ ಪೆಟ್ಟು ತಿಂದ ಮನೆತನ ಈ ಸಲ ಮರವನ್ನು ನಂಬಲಿಲ್ಲ. ಕಲ್ಲು, ಇಟ್ಟಿಗೆ, ಕಬ್ಬಿಣ ಎಂದು ಹಟ ಹಿಡಿಯಿತು. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಹಡಗೇರಿ ಬಂದವು. 1912ರಲ್ಲಿ ಕೆಲಸ ಮುಗಿದಾಗ ಖರ್ಚು 41,47,913 ರೂಪಾಯಿ. ಆ ಕೊನೆಯ ಹದಿಮೂರು ರೂಪಾಯಿಯ ಲೆಕ್ಕ ಮಾವನಿಗೆ ಬಲು ಇಷ್ಟ. "ನಮ್ಮ ಕಾಲದ ಬಿಲ್ಲು ಯಾವುದಾದ್ರೂ ಹೀಗೆ ಕ್ಲೋಸ್ ಆಗಿದ್ದು ನೋಡಿದ್ದೀಯಾ?" ಎಂದು ಯಾವಾಗಲೂ ಕೇಳುತ್ತಾರೆ.

ಶಿಮ್ಲಾದ ಮನೆ ಅದಕ್ಕಿಂತ ಇಪ್ಪತ್ತನಾಲ್ಕು ವರ್ಷ ಹಿರಿದು. ಖರ್ಚು ಸುಮಾರು 38 ಲಕ್ಷ. ಅಲ್ಲಿ ಮೈಸೂರಿನಂಥ ಗುಮ್ಮಟ, ಕಮಾನು, ಛತ್ರಿಗಳ ಸುಳಿವೇ ಇಲ್ಲ. ಚೂಪು ಗೋಡೆತಲೆ, ಗೋಪುರ, ಸಾಲು ಸಾಲು ಚಿಮಣಿ, ಉದ್ದನೆಯ ಕಿಟಕಿಗಳು. ಹದಿನಾರು, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತರ ಹಳ್ಳಿಬಂಗಲೆಯನ್ನು ಕಿತ್ತು ತಂದು ದೇವದಾರುಗಳ ನಡುವೆ ನೆಟ್ಟಂತಿದೆ. ಮಾವ ಎರಡು ನಿಮಿಷ ದಿಟ್ಟಿಸಿ ನೋಡಿ, "ಇದನ್ನ ಕಟ್ಟಿದ ಕೈಯೇ ನಮ್ಮ ಅರಮನೆ ಕಟ್ಟಿದ್ದು ಅಂದ್ರೆ ನಂಬೋಕಾಗಲ್ಲ" ಅಂದರು. ಇರ್ವಿನ್ ಗಿರಾಕಿಗೆ ಬೇಕಾದ್ದನ್ನು ಹೊಲಿದು ಕೊಡುವ ದರ್ಜಿಯಂಥವನು. ಶಿಮ್ಲಾದಲ್ಲಿ ಇಂಗ್ಲಿಷ್ ಕೋಟು, ಮದರಾಸಿನ ಹೈಕೋರ್ಟು ಮತ್ತು ಎಗ್ಮೋರ್ ನಿಲ್ದಾಣಕ್ಕೆ ಕೆಂಪು ಇಟ್ಟಿಗೆಯ ಜರಿ, ಮೈಸೂರಿಗೆ ದರ್ಬಾರಿನ ಪೇಟ.

ಹೆಸರಿನ ಗೊಂದಲವೊಂದನ್ನು ಇಲ್ಲೇ ಬಿಡಿಸಿಬಿಡಬೇಕು. ಗಾಂಧಿ-ಇರ್ವಿನ್ ಒಪ್ಪಂದದ ಇರ್ವಿನ್ ಬೇರೆ. ಅವನು ವೈಸರಾಯ್, 1926ರಿಂದ 1931ರವರೆಗೆ ಬೇಸಿಗೆ ಬಂದಾಗ ಇದೇ ಮನೆಗೆ ಬಂದಿರುತ್ತಿದ್ದ. ಅಡಿಗೆಮನೆಯ ಪಾರ್ಶ್ವಕ್ಕೆ ಅಂಟಿಕೊಂಡಂತೆ 1927ರಲ್ಲಿ ಒಂದು ಪ್ರವೇಶದ ಕಟ್ಟಡ ಸೇರಿದ್ದು ಅವನ ಕಾಲದಲ್ಲಿ. ನಮ್ಮ ಗುಂಪಿನಲ್ಲಿದ್ದ ಒಬ್ಬರು ಕಟ್ಟಿದ ಇರ್ವಿನ್ನನ್ನೂ ವಾಸವಿದ್ದ ಇರ್ವಿನ್ನನ್ನೂ ಒಂದು ಮಾಡಿ ಮಗನಿಗೆ ಪಾಠ ಹೇಳುತ್ತಿದ್ದರು. ಮಾವ ತಿದ್ದಲು ಹೊರಟವರನ್ನು ನಾನು ತೋಳು ಹಿಡಿದು ನಿಲ್ಲಿಸಿದೆ.

ಈ ಮನೆ ಯಾಕೆ ಬೇಕಾಯಿತು? 1864ರಲ್ಲಿ ವೈಸರಾಯ್ ಜಾನ್ ಲಾರೆನ್ಸ್ ಶಿಮ್ಲಾವನ್ನು ಬೇಸಿಗೆಯ ರಾಜಧಾನಿ ಮಾಡಿದ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಕಲ್ಕತ್ತದ ಕಚೇರಿಗಳು, ಕಡತ, ಗುಮಾಸ್ತ, ಶಾಯಿ ಬಾಟಲಿ ಸಮೇತ ಬೆಟ್ಟ ಹತ್ತಿ ಕೂರುತ್ತಿದ್ದವು. ಆದರೆ ವೈಸರಾಯ್ ಇರುತ್ತಿದ್ದದ್ದು ಪೀಟರ್‌ಹಾಫ್ ಎಂಬ ಬಾಡಿಗೆ ಬಂಗಲೆಯಲ್ಲಿ. ಲಾರ್ಡ್ ಲಿಟ್ಟನ್ ಅದನ್ನು ಹಂದಿಗೂಡು ಎಂದು ಬೈದ. ಲೇಡಿ ಡಫರಿನ್ ತಮ್ಮ ದಿನಚರಿಯಲ್ಲಿ ಬರೆದ ಪ್ರಕಾರ, ಹಿತ್ತಲ ಬಾಗಿಲಿನಿಂದ ಒಂದು ಗಜ ಆಚೆ ಹೆಜ್ಜೆ ಇಟ್ಟರೆ ನೇರ ಕಮರಿಯೇ. ಹೊಸ ಮನೆ ಬೇಕೆಂಬ ಮಾತು ಲಿಟ್ಟನ್ ಕಾಲದಲ್ಲೇ ಎದ್ದಿತ್ತಾದರೂ ಕಲ್ಲಿನ ಮೇಲೆ ಕಲ್ಲು ಕೂತದ್ದು 1884ರಲ್ಲಿ ಬಂದ ಲಾರ್ಡ್ ಡಫರಿನ್ ಕಾಲದಲ್ಲಿ.

ಡಫರಿನ್‌ಗೆ ಮನೆ ಕಟ್ಟಿಸುವ ಹುಚ್ಚು. ನಕ್ಷೆ ತಾನೇ ತಿದ್ದುತ್ತಿದ್ದ, ತಿದ್ದಿದ್ದನ್ನು ಮತ್ತೆ ತಿದ್ದುತ್ತಿದ್ದ. ಬೆಳಿಗ್ಗೆ ಸಂಜೆ ಕೆಲಸದ ಜಾಗಕ್ಕೆ ಬರುತ್ತಿದ್ದ. ಇಲಾಖೆಯಲ್ಲಿ ಮಂತ್ರಿಗಳ ಕಾಟ ಉಂಡಿದ್ದ ಮಾವನಿಗೆ ಇದನ್ನು ಕೇಳಿ ಇರ್ವಿನ್ ಮೇಲೆ ಮರುಕ ಹುಟ್ಟಿತು. ಕಲ್ಕಾದಿಂದ ಶಿಮ್ಲಾಕ್ಕೆ ರೈಲು ಬಂದದ್ದು 1903ರಲ್ಲಿ. ಅಂದರೆ ಮನೆ ಎದ್ದು ಹದಿನೈದು ವರ್ಷದ ನಂತರ. ಇವತ್ತು ನಾವು 96 ಕಿಲೋಮೀಟರನ್ನು ನೂರಕ್ಕೂ ಹೆಚ್ಚು ಸುರಂಗಗಳಲ್ಲಿ ಹಾದು ಕಿಟಕಿಯಲ್ಲಿ ಮುಖವಿಟ್ಟು ಬರುತ್ತೇವೆ. ಆಗ ಕಲ್ಲು ಬಂದದ್ದು ಹೇಸರಗತ್ತೆಯ ಬೆನ್ನ ಮೇಲೆ. ತೇಗ ಬಂದದ್ದು ಬರ್ಮಾದಿಂದ.

ಗೋಡೆ ಏರುತ್ತಿದ್ದ ದಿನಗಳನ್ನು ಲೇಡಿ ಡಫರಿನ್ ಬರೆದಿಟ್ಟಿದ್ದಾರೆ. ಅರಮನೆಗಿಂತ ನನಗೆ ಹೆಚ್ಚು ನೆನಪಿನಲ್ಲಿ ಉಳಿದದ್ದು ಅವರು ಕಂಡ ಪಹಾಡಿ ಹೆಣ್ಣಾಳುಗಳು. ಬಿಗಿಯಾದ ಹತ್ತಿಯ ಷರಾಯಿ, ಕೊರಳಲ್ಲಿ ಸರ, ಕೈತುಂಬ ಬಳೆ, ಬೆನ್ನಿಗಿಳಿದ ಮುಸುಕು, ತಲೆಯ ಮೇಲೆ ಗಾರೆ ತುಂಬಿದ ಮಣ್ಣಿನ ಬಾನಿ. ಆ ಹೊರೆ ಹೊತ್ತು ಮಾಡಿನ ಮೇಲೂ ನೆಲದ ಮೇಲೆ ನಡೆದಷ್ಟೇ ಸಲೀಸಾಗಿ, ಚಕ್ರವರ್ತಿನಿಯರ ಠೀವಿಯಲ್ಲಿ ಅವರು ಓಡಾಡುತ್ತಿದ್ದರಂತೆ. ವೈಸರಾಯ್ ಹೆಂಡತಿಗೆ ಅದು ತಮಾಷೆಯ ನೋಟ. ಚಕ್ರವರ್ತಿನಿಯ ಪ್ರತಿನಿಧಿಗೆ ಮನೆ ಕಟ್ಟುತ್ತಿದ್ದವರನ್ನು ಚಕ್ರವರ್ತಿನಿಯರಿಗೆ ಹೋಲಿಸಿದಾಗ ಆಕೆಗೆ ತಾನೇನು ಬರೆಯುತ್ತಿದ್ದೇನೆ ಅನ್ನಿಸಿತೋ ಇಲ್ಲವೋ. ಮನೆಯೊಳಗೆ ಎಷ್ಟು ಸುತ್ತಿದರೂ ಆ ಹೆಂಗಸರ ಒಂದು ಚಿತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಸರದಿ ಬಂತು. ಮೂವತ್ತು ಜನರ ಗುಂಪು, ಒಬ್ಬ ಗೈಡ್, ಹಿಂದಿ ಇಂಗ್ಲಿಷ್ ಕಲಬೆರಕೆ. ಒಳಗೆ ಫೋಟೋ ಹೊಡೆಯುವಂತಿಲ್ಲ. ಬಾಗಿಲು ದಾಟಿದ ಕೂಡಲೇ ಮುಖ್ಯ ಹಜಾರ. ತಲೆ ಎತ್ತಿದರೆ ಮೂರು ಅಂತಸ್ತಿನವರೆಗೆ ಏರುವ ತೇಗದ ಮೆಟ್ಟಿಲು, ಅದರ ಸುತ್ತ ತೇಗದ ಮೊಗಸಾಲೆಗಳು, ಕೆತ್ತಿದ ಕಟಾಂಜನ. ಲಂಡನ್ನಿನ ಮೇಪಲ್ ಕಂಪನಿ ಒಳಾಲಂಕಾರ ಮಾಡಿದ್ದು. ನೂರಮೂವತ್ತು ವರ್ಷ ದಾಟಿದರೂ ಮರಕ್ಕೆ ಜೇನಿನ ಬಣ್ಣವಿದೆ, ಹಳೆಯ ಬೀರು ತೆರೆದಾಗ ಬರುವ ವಾಸನೆಯಿದೆ. ಮಾವ ಯಾರೂ ನೋಡದಾಗ ಹಲಗೆಯ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಟ್ಟರು. "ಗಟ್ಟಿ ಇದೆ."

ಈ ತೇಗದ ಹಿಂದೆ ಒಂದು ಕತೆಯಿದೆ, ಗೈಡ್ ಹೇಳಲಿಲ್ಲ. 1885ರಲ್ಲಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಬ್ರಿಟಿಷ್ ಕಂಪನಿ ಮೇಲಿನ ಬರ್ಮಾದ ಕಾಡಿನಿಂದ ಲೆಕ್ಕ ಮೀರಿ ತೇಗ ಸಾಗಿಸಿತೆಂದು ದೊರೆ ಥೀಬಾನ ಸರ್ಕಾರ ಭಾರಿ ದಂಡ ಹಾಕಿತು. ಅದೇ ನೆಪವಾಗಿ ಯುದ್ಧ ನಡೆಯಿತು. ಥೀಬಾ ಸೆರೆಯಾಗಿ ರತ್ನಾಗಿರಿಗೆ ಬಂದ. 1886ರ ಜನವರಿ 1ರಂದು ಮೇಲಿನ ಬರ್ಮಾ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿತೆಂದು ಸಾರಿದವನು ಇದೇ ಡಫರಿನ್. ಬರ್ಮಾದ ಹಳೆಯ ರಾಜಧಾನಿ ಆವಾದ ಹೆಸರು ಅವನ ಬಿರುದಿಗೆ ಅಂಟಿಕೊಂಡಿತು. ಆ ವರ್ಷಗಳಲ್ಲೇ ಇತ್ತ ಶಿಮ್ಲಾದಲ್ಲಿ ಬರ್ಮಾ ತೇಗವನ್ನು ಬಡಗಿಗಳು ಅಳೆದು ಕತ್ತರಿಸುತ್ತಿದ್ದರು.

ಇಷ್ಟು ಮರ ತುಂಬಿಕೊಂಡ ಮೇಲೆ ಬೆಂಕಿಗೆ ಹೆದರಲೇಬೇಕಲ್ಲ. ಇರ್ವಿನ್ ಮಾಡಿದ ಏರ್ಪಾಡು ಕೇಳಿ ಮಾವ ಮೊದಲ ಸಲ ಗೈಡ್ ಹತ್ತಿರಕ್ಕೆ ಸರಿದು ನಿಂತರು. ಮನೆಯ ಉದ್ದಕ್ಕೂ ನೀರಿನ ಕೊಳವೆಗಳು. ಅವುಗಳ ಬಾಯಿಗೆ ಮೇಣ. ಕೋಣೆಯಲ್ಲಿ ಕಾವು ಏರಿತೆಂದರೆ ಮೇಣ ತಾನಾಗಿ ಕರಗುತ್ತದೆ, ನೀರು ತಾನಾಗಿ ಚಿಮ್ಮುತ್ತದೆ. ನಲ್ಲಿ ತಿರುಗಿಸಲು ಯಾರೂ ಬೇಡ, ಗಂಟೆ ಬಾರಿಸಲೂ ಬೇಡ. ಇಂದಿನ ಮಾಲುಗಳ ಚಾವಣಿಯಲ್ಲಿ ಕೆಂಪು ಗಾಜಿನ ಪುಟ್ಟ ಗುಂಡು ಒಡೆದು ನೀರು ಬರುವ ಸ್ಪ್ರಿಂಕ್ಲರ್ ಇದೆಯಲ್ಲ, ಅದರ ಮುತ್ತಾತ ಇದು. ಮೈಸೂರಿನ ಅರಮನೆ ಉರಿಯುವುದಕ್ಕೆ ಒಂಬತ್ತು ವರ್ಷ ಮೊದಲೇ ಇರ್ವಿನ್‌ನ ಇಲ್ಲಿಯ ಮನೆಗೆ ಈ ಕಾವಲು ಕೂತಿತ್ತು.

ನೀರು ಎಲ್ಲಿಂದ? ಗುಡ್ಡದ ನೆತ್ತಿಯಲ್ಲಿ ಬಾವಿ ತೋಡಿದರೆ ಆಳಕ್ಕೆ ಕೊನೆಯಿಲ್ಲ. ಹೊರಗೆ ಮಕ್ಕಳು ಓಡಾಡುತ್ತಿದ್ದ ಆ ಹಸಿರು ಹುಲ್ಲುಹಾಸಿನ ಕೆಳಗೆ ದೊಡ್ಡ ತೊಟ್ಟಿಗಳಿವೆ. ಮಾಡಿನ ಮೇಲೆ ಬಿದ್ದ ಮಳೆ ಅಲ್ಲಿ ಹೋಗಿ ನಿಲ್ಲಬೇಕು. ಮಳೆ ಕೊಯ್ಲು ಎಂಬ ಪದ ನಮ್ಮ ಕಾರ್ಪೊರೇಷನ್ ನೋಟಿಸುಗಳಿಗೆ ಬರುವ ನೂರು ವರ್ಷ ಮೊದಲಿನ ಮಾತು. 2018ರ ಬೇಸಿಗೆಯಲ್ಲಿ ಶಿಮ್ಲಾದ ನಲ್ಲಿಗಳು ದಿನಗಟ್ಟಲೆ ಒಣಗಿ, ಪ್ರವಾಸಿಗರೇ ಈಗ ಬರಬೇಡಿ ಎಂದು ಊರವರು ಬೇಡಿಕೊಂಡದ್ದು ಓದುಗರಿಗೆ ನೆನಪಿರಬಹುದು. ಕೆಳಗಿನ ಕಣಿವೆಯಿಂದ ಪಂಪು ಹಾಕಿ ನೀರೆತ್ತಿ ಬದುಕುವ ಊರದು. "ಈ ಇಡೀ ಮನೆಯಲ್ಲಿ ನೋಡೋ ಅಂಥದ್ದು ಈ ಹುಲ್ಲಿನ ಕೆಳಗಿದೆ, ಟಿಕೆಟ್ಟಿನವರು ಅದನ್ನೇ ತೋರಿಸೋಲ್ಲ" ಎಂದು ಮಾವನ ತಕರಾರು. ನನ್ನದೂ ಅದೇ.

1888ರ ಜುಲೈ 23ರಂದು ಡಫರಿನ್ ದಂಪತಿ ಇಲ್ಲಿಗೆ ಬಂದು ಸೇರಿದರು. ಬಂದ ಮೊದಲಿಗೆ ಲೇಡಿ ಡಫರಿನ್ ಖುಷಿಪಟ್ಟದ್ದು ವಿದ್ಯುದ್ದೀಪಕ್ಕೆ. ಉಗಿಯಂತ್ರದಿಂದ ಓಡುವ ಜನರೇಟರು. ಶಿಮ್ಲಾದ ಮಿಕ್ಕವರೆಲ್ಲ ಎಣ್ಣೆದೀಪ, ಮೇಣದಬತ್ತಿಯಲ್ಲಿದ್ದಾಗ ಇಲ್ಲಿ ಗುಂಡಿ ಮುಟ್ಟಿದರೆ ಬೆಳಕು. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದದ್ದು 1905ರಲ್ಲಿ. ಬೆಳಕಿನ ಈ ಸುಖವೂ ಬೆಂಕಿಯ ಲೆಕ್ಕಕ್ಕೇ ಸೇರುತ್ತದೆ. ತೇಗದ ಮನೆಯಲ್ಲಿ ಮೇಣದಬತ್ತಿ ಹಿಡಿದು ಓಡಾಡುವ ಆಳುಗಳ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಪಾಪ, ಇಷ್ಟು ಮುತುವರ್ಜಿಯಿಂದ ಕಟ್ಟಿಸಿದ ಡಫರಿನ್ ಇಲ್ಲಿ ಉಳಿದದ್ದು ತಿಂಗಳುಗಳು ಮಾತ್ರ. ಅದೇ ವರ್ಷದ ಕೊನೆಗೆ ಅವಧಿ ಮುಗಿದು ಹೊರಟ. ಮನೆ ಕಟ್ಟಿಸಿದವನಿಗೆ ಅದರಲ್ಲಿ ಬಾಳುವ ಯೋಗವಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಶಿಮ್ಲಾಕ್ಕೂ ಅದು ಅನ್ವಯಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಎಲ್ಲರೂ ಮೆಚ್ಚಿದರೆಂದೇನಲ್ಲ. ಮುಂದೆ ವೈಸರಾಯ್ ಆಗಿ ಬಂದ ಲಾರ್ಡ್ ಕರ್ಜನ್‌ಗೆ ಈ ಮನೆ ಕಂಡರೆ ಆಗುತ್ತಿರಲಿಲ್ಲ. ಅವನ ಹೆಂಡತಿ ಮೇರಿಯಂತೂ, ಮಿನಿಯಾಪೊಲಿಸ್‌ನ ಕೋಟ್ಯಧೀಶನೊಬ್ಬ ಇಂಥ ಮನೆಯಲ್ಲಿ ಕುಣಿದಾಡಿಯಾನು ಎಂಬರ್ಥದಲ್ಲಿ ಮೂಗು ಮುರಿದಳು. ಸ್ವತಃ ಆಕೆ ಷಿಕಾಗೋದ ಕೋಟ್ಯಧೀಶನೊಬ್ಬನ ಮಗಳು, ಹಾಗಾಗಿ ತಿಳಿದೇ ಆಡಿದ ಮಾತಿರಬೇಕು. ಕರ್ಜನ್ ಪುರಸೊತ್ತು ಸಿಕ್ಕಾಗಲೆಲ್ಲ ನಾಲ್ದೇರಾದ ದೇವದಾರು ಕಾಡಿನಲ್ಲಿ ಡೇರೆ ಹಾಕಿಸಿಕೊಂಡು ಕೂರುತ್ತಿದ್ದ. ಕೊನೆಯ ಮಗಳಿಗೆ ಆ ಜಾಗದ ಹೆಸರನ್ನೇ ಇಟ್ಟ, ಅಲೆಕ್ಸಾಂಡ್ರಾ ನಾಲ್ದೇರಾ ಎಂದು. 1902ರ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಒಪ್ಪಿಸಲು ಅವನು ಮೈಸೂರಿಗೆ ಬಂದಾಗ, ಸಮಾರಂಭ ನಡೆದದ್ದು ಜಗನ್ಮೋಹನ ಅರಮನೆಯಲ್ಲಿ. ಕೂಗಳತೆಯ ದೂರದಲ್ಲಿ ಇರ್ವಿನ್‌ನ ಇನ್ನೊಂದು ಮನೆ ಮೇಲೇಳುತ್ತಿತ್ತು. ತಪ್ಪಿಸಿಕೊಂಡೆ ಅಂದುಕೊಂಡವನಿಗೆ ಇಲ್ಲೂ ಇರ್ವಿನ್ ಕಾಟ.

ಗೈಡ್ ನಮ್ಮನ್ನು ಹಜಾರದ ಪಕ್ಕದ ಕೋಣೆಗೆ ಕರೆದೊಯ್ದ. ಗೋಡೆ ತುಂಬ ಕಪ್ಪು ಬಿಳುಪು ಫೋಟೋಗಳು. ನೆಹರೂ, ಆಜಾದ್, ಜಿನ್ನಾ, ವೇವೆಲ್, ಮೌಂಟ್‌ಬ್ಯಾಟನ್. ಮಧ್ಯೆ ಒಂದು ದುಂಡು ಮೇಜು. ಗೈಡ್ ಧ್ವನಿ ತಗ್ಗಿಸಿದ: ದೇಶ ಎರಡಾದದ್ದು ಈ ಮೇಜಿನ ಮೇಲೆ. ಮೂವತ್ತು ಜನರ ಗುಂಪು ಸುಮ್ಮನಾಯಿತು. ಒಬ್ಬಾಕೆ ಮೇಜಿನ ಅಂಚನ್ನು ಮುಟ್ಟಿ ಕೈ ಹಿಂದೆ ತೆಗೆದುಕೊಂಡರು.

ಮೇಜುಗಳ ಮೇಲೆ ದೇಶ ಒಡೆಯುವುದು ಅಷ್ಟು ಸುಲಭವೇ? ಆದರೂ ಈ ಮನೆಗೆ ಆ ಪಾಪದಲ್ಲಿ ಪಾಲಿದೆ. 1906ರ ಅಕ್ಟೋಬರ್ 1ರಂದು ಆಗಾ ಖಾನ್ ಮುಂದಾಳಾಗಿ ಬಂದ ಮುಸ್ಲಿಂ ನಿಯೋಗ ಪ್ರತ್ಯೇಕ ಪ್ರಾತಿನಿಧ್ಯ ಕೇಳಿ ವೈಸರಾಯ್ ಮಿಂಟೋನನ್ನು ಕಂಡದ್ದು ಶಿಮ್ಲಾದಲ್ಲೇ. ಮೂರು ವರ್ಷದಲ್ಲಿ ಪ್ರತ್ಯೇಕ ಮತಕ್ಷೇತ್ರಗಳು ಕಾನೂನಾದವು. 1945ರ ಜೂನ್ 25ರಂದು ವೈಸರಾಯ್ ವೇವೆಲ್ ಇಲ್ಲಿ ಸಮ್ಮೇಳನ ಕರೆದ. ತನ್ನ ಕಾರ್ಯಕಾರಿ ಮಂಡಲಿಗೆ ಭಾರತೀಯರನ್ನು ತುಂಬಿಕೊಳ್ಳುವ ಯೋಜನೆ. ಮುಸ್ಲಿಂ ಸದಸ್ಯರೆಲ್ಲರನ್ನೂ ಲೀಗ್ ಒಂದೇ ಹೆಸರಿಸಬೇಕೆಂದು ಜಿನ್ನಾ ಪಟ್ಟು. ಕಾಂಗ್ರೆಸ್ಸಿನ ಅಧ್ಯಕ್ಷ ಸ್ಥಾನದಲ್ಲಿ ಎದುರು ಕೂತಿದ್ದವರು ಮೌಲಾನಾ ಆಜಾದ್. ಜುಲೈ 14ಕ್ಕೆ ಮಾತು ಮುರಿಯಿತು. ಗಾಂಧೀಜಿ ಆಗ ಶಿಮ್ಲಾಕ್ಕೆ ಬಂದಿದ್ದರು, ವೈಸರಾಯ್‌ನನ್ನು ಕಂಡರು, ಆದರೆ ಸಮ್ಮೇಳನದ ಕುರ್ಚಿಯಲ್ಲಿ ಕೂರಲಿಲ್ಲ. ಹತ್ತಿರದ ಸಮ್ಮರ್ ಹಿಲ್‌ನಲ್ಲಿ ರಾಜಕುಮಾರಿ ಅಮೃತ್ ಕೌರ್ ಅವರ ಮನೆಯಲ್ಲಿ ಉಳಿದಿದ್ದರು. ಗಾಂಧಿಗೆ ಈ ಊರಿನ ಮೇಲೆ ಮೊದಲಿನಿಂದಲೂ ಮುನಿಸು. 1921ರಲ್ಲಿ ಮೊದಲ ಸಲ ಇಲ್ಲಿಗೆ ಬಂದು ಹೋದಾಗಲೇ, ಐನೂರನೆಯ ಮಹಡಿಯ ಮೇಲೆ ಕೂತು ದೇಶವಾಳುವ ಸರ್ಕಾರ ಎಂದು ಛೇಡಿಸಿದ್ದರು.

1947ರ ಮೇ ತಿಂಗಳು. ನೆಹರೂ ಇದೇ ಮನೆಯಲ್ಲಿ ಮೌಂಟ್‌ಬ್ಯಾಟನ್ನರ ಅತಿಥಿ. ಲಂಡನ್ನಿನಿಂದ ಒಪ್ಪಿಗೆಯಾಗಿ ಬಂದಿದ್ದ ಅಧಿಕಾರ ಹಸ್ತಾಂತರದ ಯೋಜನೆಯನ್ನು ಮೌಂಟ್‌ಬ್ಯಾಟನ್ 10ರ ರಾತ್ರಿ ನೆಹರೂ ಕೈಗಿಟ್ಟರು. ಪ್ರಾಂತಗಳು ತಮ್ಮ ಪಾಡು ತಾವೇ ನೋಡಿಕೊಳ್ಳಬಹುದಾಗಿದ್ದ ಆ ಕಾಗದವನ್ನು ಓದಿ ನೆಹರೂ ಕೆಂಡವಾದರು. ಮರುದಿನ ಹೊಸ ಕರಡು ಬರೆಯುವ ಕೆಲಸ ವಿ.ಪಿ. ಮೆನನ್ ಪಾಲಿಗೆ ಬಂತು. ಕೆಲವೇ ಗಂಟೆಗಳಲ್ಲಿ ಬರೆದು ಮುಗಿಸಿದರು. ದೇಶ ವಿಭಜನೆಯ ಜೂನ್ 3ರ ಘೋಷಣೆಗೆ ತಳಪಾಯ ಅದೇ. ಕಾಲೇಜಿನ ಮೆಟ್ಟಿಲು ಹತ್ತದ, ಹುಡುಗನಾಗಿದ್ದಾಗ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ, ಗುಮಾಸ್ತನಾಗಿ ಸರ್ಕಾರಿ ನೌಕರಿ ಸೇರಿದ ಮನುಷ್ಯ ಈ ಮೆನನ್. ಕೊನೆಗಾಲವನ್ನು ಕಳೆದದ್ದು ಬೆಂಗಳೂರಿನಲ್ಲಿ. ಮಾವನಿಗೆ ಇದನ್ನು ಹೇಳಿದಾಗ ಮೇಜನ್ನು ಬಿಟ್ಟು ಗೋಡೆಯ ಫೋಟೋಗಳಲ್ಲಿ ಮೆನನ್ ಎಲ್ಲಿ ಎಂದು ಹುಡುಕತೊಡಗಿದರು.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲಿ ದಿನಾ ಆಗುತ್ತದೆ. 1972ರಲ್ಲಿ ಇಂದಿರಾ ಗಾಂಧಿ ಮತ್ತು ಭುಟ್ಟೋ ಸಹಿ ಹಾಕಿದ ಶಿಮ್ಲಾ ಒಪ್ಪಂದ ಆದದ್ದು ಈ ಮನೆಯಲ್ಲಲ್ಲ; ಊರಿನ ಇನ್ನೊಂದು ತುದಿಯ ಬಾರ್ನ್ಸ್ ಕೋರ್ಟ್‌ನಲ್ಲಿ.

ಎರಡು ಮೂರು ಕೋಣೆ ತೋರಿಸಿ ಗೈಡ್ "ಇಷ್ಟೇ" ಎಂದಾಗ ಗುಂಪಿನಲ್ಲಿ ಗೊಣಗಾಟ ಎದ್ದಿತು. ಇಷ್ಟು ದೊಡ್ಡ ಮನೆಗೆ ಇಷ್ಟೇನಾ? ಮೈಸೂರು ಅರಮನೆಯಲ್ಲಿ ಗಂಟೆಗಟ್ಟಲೆ ಸುತ್ತಿದವರಿಗೆ ಇದು ಮೋಸ ಅನ್ನಿಸುತ್ತದೆ, ನಿಜ. ಮಲಗುವ ಮನೆ ತೋರಿಸಿ, ಸ್ನಾನದ ತೊಟ್ಟಿ ತೋರಿಸಿ ಎಂದು ಕೇಳುವವರು ಇದ್ದಾರಂತೆ. ಆದರೆ ಮಿಕ್ಕ ಬಾಗಿಲುಗಳ ಹಿಂದೆ ಜನ ಕೆಲಸ ಮಾಡುತ್ತಿದ್ದಾರೆ. ವೈಸರಾಯ್‌ಗಳು ಅತಿಥಿಗಳನ್ನು ಕುಣಿಸಿದ ಬಾಲ್‌ರೂಮು, ಔತಣದ ಕೋಣೆ, ದಿವಾನಖಾನೆ, ಮೂರೂ ಸೇರಿ ಈಗ ಗ್ರಂಥಾಲಯ. ಗಾಜಿನ ಬಾಗಿಲಿನಿಂದ ಇಣುಕಿದೆ. ಸಾಲು ಕಪಾಟು, ಮೇಜುದೀಪ, ಶಾಲು ಹೊದ್ದು ಓದುತ್ತಿದ್ದ ಒಬ್ಬ ಮುದುಕ. ನಾವು ಇಣುಕಿದ್ದು ಅವರಿಗೆ ಗೊತ್ತಾಗಲಿಲ್ಲ.

ಇದನ್ನು ಆಗಮಾಡಿದವರು ರಾಷ್ಟ್ರಪತಿ ರಾಧಾಕೃಷ್ಣನ್. ಸ್ವಾತಂತ್ರ್ಯದ ನಂತರ ಈ ಮನೆ ರಾಷ್ಟ್ರಪತಿಗಳ ಪಾಲಿಗೆ ಬಂತು. ಅವರು ವರ್ಷಕ್ಕೆ ಕೆಲವು ದಿನ ಬಂದು ಹೋಗುತ್ತಿದ್ದರು. ಮಿಕ್ಕ ದಿನವೆಲ್ಲ ಧೂಳು ಹೊಡೆಯುವವರದ್ದೇ ರಾಜ್ಯ. ರಾಧಾಕೃಷ್ಣನ್ ಇದನ್ನು ವಿದ್ವಾಂಸರಿಗೆ ಬಿಟ್ಟುಕೊಡುವ ಮನಸ್ಸು ಮಾಡಿದರು. 1964ರಲ್ಲಿ ಸಂಸ್ಥೆಯ ನೋಂದಣಿಯಾಯಿತು, 1965ರ ಅಕ್ಟೋಬರ್ 20ರಂದು ಅವರೇ ಬಂದು ಉದ್ಘಾಟಿಸಿದರು. ಇತಿಹಾಸಕಾರ ನೀಹಾರರಂಜನ್ ರಾಯ್ ಮೊದಲ ನಿರ್ದೇಶಕರು. ರಾಧಾಕೃಷ್ಣನ್ 1918ರಿಂದ 1921ರವರೆಗೆ ನಮ್ಮ ಮಹಾರಾಜಾ ಕಾಲೇಜಿನ ಮೇಷ್ಟರು. ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಗಾಡಿಯನ್ನು ತಾವೇ ಎಳೆದು ರೈಲು ನಿಲ್ದಾಣಕ್ಕೆ ಮುಟ್ಟಿಸಿದ ಕತೆ ಮೈಸೂರಿನ ಮನೆಮನೆಗೂ ಗೊತ್ತು. ಶಿಮ್ಲಾದ ಮಾಲ್ ರಸ್ತೆಯಲ್ಲಿ ಒಂದು ಕಾಲಕ್ಕೆ ಗಾಡಿ ಓಡಿಸಲು ಅಪ್ಪಣೆ ಇದ್ದದ್ದು ವೈಸರಾಯ್, ಸೇನಾಧಿಪತಿ ಮತ್ತು ಪಂಜಾಬಿನ ಗವರ್ನರ್‌ಗೆ ಮಾತ್ರ. ಉಳಿದ ದೊರೆಗಳನ್ನು ರಿಕ್ಷಾದಲ್ಲಿ ಕೂರಿಸಿ ಪಹಾಡಿ ಆಳುಗಳು ಎಳೆಯುತ್ತಿದ್ದರು. ಮೇಷ್ಟರಿಗಾಗಿ ಗಾಡಿ ಎಳೆದವರನ್ನು ಯಾರೂ ಕೂಲಿಗೆ ಕರೆದಿರಲಿಲ್ಲ.

ಆಮೇಲೆ ಬಂದವರ ಪಟ್ಟಿ ದೊಡ್ಡದು. ನಮ್ಮ ಡಿ.ಆರ್. ನಾಗರಾಜ್ ಇಲ್ಲಿ ಫೆಲೋ ಆಗಿದ್ದರು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗ, ಅಲ್ಲಮನ ಬಗ್ಗೆ ಯೋಚಿಸುತ್ತ ವೈಸರಾಯ್ ಮನೆಯ ಮೊಗಸಾಲೆಯಲ್ಲಿ ಸಿಗರೇಟು ಸೇದಲು ಜಾಗ ಹುಡುಕುತ್ತಿದ್ದ ಚಿತ್ರವೊಂದನ್ನು ನಾನು ಕಲ್ಪಿಸಿಕೊಂಡೆ. ಕಲ್ಪನೆಯೇ, ಆದರೂ ಆ ಬಾಲ್‌ರೂಮಿಗೆ ಅದಕ್ಕಿಂತ ಒಳ್ಳೆಯ ಅತಿಥಿ ಬಂದಿರಲಾರ. 1987ರಲ್ಲಿ ಇಲ್ಲಿ ಫೆಲೋ ಆಗಿದ್ದವರಲ್ಲಿ ಒಬ್ಬಾಕೆ ಆಂಗ್ ಸಾನ್ ಸೂ ಚಿ. ಗಂಡ ಮೈಕೆಲ್ ಆರಿಸ್ ಕೂಡ ಇಲ್ಲೇ ಇದ್ದರು. ಬರ್ಮಾವನ್ನು ನುಂಗಿದವನು ಕಟ್ಟಿಸಿದ ಮನೆ, ಬರ್ಮಾದ ತೇಗದ ಗೋಡೆ, ಅದರೊಳಗೆ ಓದುತ್ತ ಕೂತವಳು ಬರ್ಮಾದ ಸ್ವಾತಂತ್ರ್ಯ ನಾಯಕನ ಮಗಳು. ಮರುವರ್ಷ ಆಕೆ ರಂಗೂನಿಗೆ ಹೋದರು, ಮುಂದಿನದು ಲೋಕಕ್ಕೆ ಗೊತ್ತು.

ಹೊರಗೆ ಬಂದಾಗ ಮೋಡ ಇಳಿದು ಗೋಪುರದ ತುದಿ ಕಾಣಿಸುತ್ತಿರಲಿಲ್ಲ. ಒಂದು ಕಾಲಕ್ಕೆ 331 ಎಕರೆ ಇದ್ದ ಆವರಣ ಈಗ ಸುಮಾರು 110 ಎಕರೆ. ಅಷ್ಟರಲ್ಲೇ ನಡೆದಷ್ಟೂ ಮುಗಿಯದ ದೇವದಾರು, ಕೋತಿ, ಗುಲಾಬಿ. ಕನ್ನಡಕವನ್ನು ಜೇಬಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು, ಶಿಮ್ಲಾದ ಕೋತಿಗಳಿಗೆ ಅದರ ಮೇಲೆ ಕಣ್ಣು. ಸೋಮವಾರ ರಜೆ. ಶಿಮ್ಲಾದಿಂದ ಸಮ್ಮರ್ ಹಿಲ್‌ವರೆಗೆ ಪುಟಾಣಿ ರೈಲಿನಲ್ಲಿ ಬಂದು ಅಲ್ಲಿಂದ ಕಾಡಿನ ದಾರಿ ಹಿಡಿಯುವುದು ಟ್ಯಾಕ್ಸಿಗಿಂತ ಸೊಗಸು.

ಮಾವ ಬೆಂಚಿನ ಮೇಲೆ ಕೂತು ಊರಿನ ಬೇರೆ ಬಂಗಲೆಗಳ ಗತಿ ಏನಾಯಿತು ಎಂದು ಕೇಳಿದರು. ನಾನು ಬೆರಳು ಮಡಚುತ್ತ ಹೋದೆ. ಪೀಟರ್‌ಹಾಫ್, ಲಿಟ್ಟನ್‌ನ ಹಂದಿಗೂಡು, ಸ್ವಾತಂತ್ರ್ಯದ ನಂತರ ಹೈಕೋರ್ಟಾಗಿ ಗೋಡ್ಸೆಯ ಮೇಲ್ಮನವಿಯ ವಿಚಾರಣೆ ನಡೆದ ಕಟ್ಟಡ, 1981ರ ಜನವರಿಯಲ್ಲಿ ಸುಟ್ಟುಹೋಯಿತು. ಈಗಿರುವುದು ಹೊಸದಾಗಿ ಕಟ್ಟಿದ ಹೋಟೆಲು. ಛರಾಬ್ರಾದ ವೈಲ್ಡ್‌ಫ್ಲವರ್ ಹಾಲ್ 1993ರಲ್ಲಿ. ಗಾರ್ಟನ್ ಕ್ಯಾಸಲ್‌ನ ಮೇಲಿನ ಅಂತಸ್ತುಗಳು 2014ರ ಜನವರಿಯಲ್ಲಿ, ಹಿಮ ಬೀಳುವ ಕಾಲದಲ್ಲೇ. ಎಲ್ಲ ಒಳಗೆ ಮರ ತುಂಬಿಕೊಂಡ ಮನೆಗಳು.

"ಇದೊಂದು ಉಳೀತು."

"ಹೂಂ."

"ಮೇಣ ಕರಗೋ ಪ್ರಸಂಗ ಒಮ್ಮೆಯಾದ್ರೂ ಬಂದಿತ್ತಾ ಅಂತ ಆ ಹುಡುಗನ್ನ ಕೇಳಬೇಕಿತ್ತು" ಎಂದು ಮಾವ ಎದ್ದರು. ಗೈಡ್ ಆಗಲೇ ಮುಂದಿನ ಗುಂಪಿನ ಜೊತೆ ಒಳಗೆ ಹೋಗಿದ್ದ. ಇನ್ನೊಂದು ಚಹಾ ಕುಡಿದು ಹೋಗೋಣ ಎಂದು ಮತ್ತೆ ಫೈರ್ ಸ್ಟೇಷನ್ನಿಗೇ ನಡೆದೆವು. ಚಹಾದವನ ಲೈಟರು ಕೈಕೊಟ್ಟಿತ್ತು. ಯಾರ ಹತ್ತಿರವಾದರೂ ಕಡ್ಡಿಪೆಟ್ಟಿಗೆ ಇದೆಯಾ ಎಂದು ಅವನು ಸಾಲಿನಲ್ಲಿ ನಿಂತವರನ್ನೆಲ್ಲ ಕೇಳುತ್ತಿದ್ದ.